ಆಚೆ ಊರಿನ ಕೌದಿ

ಏಪ್ರಿಲ್ 4

ಓತಿನ್ ಅಕ್ಕ ಈ ಪುಸ್ತಕ ಕೊಟ್ಟರು. ಮಸೀದಿಯ ಪಕ್ಕದ ಕೋಣೆಯಲ್ಲಿ ಹೆಂಗಸರಿಗೆ ಖುರಾನ್ ಓದಿಸುವವರು ಅವರು. "ಉಲ್ಕಾನ್, ರಂಜಾನಿನ ರೋಜಾ ಹೊಟ್ಟೆಗೆ ಮಾತ್ರ ಅಲ್ಲ, ನಾಲಿಗೆಗೂ ಇರಬೇಕು. ನೀನು ಹೊಟ್ಟೆ ಕಾಯ್ತೀಯ, ನಾಲಿಗೆ ಬಿಡ್ತೀಯ. ಬೈಯಲೇಬೇಕು ಅನ್ನಿಸಿದ್ರೆ ಇದರಲ್ಲಿ ಬರಿ," ಎಂದರು. ಹಳ್ಳಿಯ ಶಾಲೆಯಲ್ಲಿ ಹತ್ತು ವರ್ಷ ಕೂತವಳು ನಾನು. ಬರೆಯಲು ಬರುತ್ತದೆ. ಬೈಯಲೂ ಬರುತ್ತದೆ.

ಹಾಗಾದರೆ ಮೊದಲು ಇದೇ. ಆಚೆ ಊರಿನವರ ಮನೆ ಹಾಳಾಗಲಿ. ಹೋದ ಸೆಪ್ಟೆಂಬರಿನಲ್ಲಿ ಕಾಲುವೆ ದಾಟಿ ಬಂದು ನಮ್ಮ ಬೀದಿಯ ಹನ್ನೊಂದು ಮನೆ ಸುಟ್ಟರು. ಈಗ ನಾವು ದನದ ಕೊಟ್ಟಿಗೆಗೆ ಸುಣ್ಣ ಬಳಿದುಕೊಂಡು ಅದರಲ್ಲಿದ್ದೇವೆ: ನಾನು, ನಮ್ಮವರು, ಅತ್ತೆ, ಮಗಳು ಜಿಪಾರ್. ಅಂಗಳದಲ್ಲಿ ಸರ್ಕಾರದ ಹೊಸ ಮನೆ ಏಳುತ್ತಿದೆ. ಕಾಲುವೆಯೇ ಎರಡು ದೇಶಗಳ ಗಡಿ; ಅದರ ದಂಡೆಗೆ ಸೈನಿಕರು ಗೇಟು ಮುಚ್ಚಿ ಮುಳ್ಳುತಂತಿ ಎಳೆದಿದ್ದಾರೆ. ಸಾಲದು. ಇನ್ನೂ ಎಳೆಯಲಿ.

ಇವತ್ತು ರಾಜಧಾನಿಯಿಂದ ಒಬ್ಬ ಪತ್ರಿಕೆಯವಳು ಬಂದಿದ್ದಳು. ಬೆಗಾಯಿಮ್ ಅಂತ ಹೆಸರು. ಪ್ಯಾಂಟು, ಕೊರಳಲ್ಲಿ ಕ್ಯಾಮೆರಾ. ಕೂರು ಅನ್ನುವ ಮೊದಲೇ ಕೂತಳು.

"ಎಜೆ, ಅವತ್ತು ಓಡುವಾಗ ಕೈಗೆ ಏನು ತಗೊಂಡ್ರಿ?" ಎಜೆ ಎಂದಳು. ನಾನು ಇವಳಿಗೆ ಯಾವಾಗ ಅಕ್ಕನಾದೆ?

"ಯಾಕೆ? ಬಿಟ್ಟು ಬಂದಿದ್ದನ್ನ ನೀನು ತಂದುಕೊಡ್ತೀಯಾ?"

"ಇಲ್ಲ ಎಜೆ. ಆಚೆ ಊರಲ್ಲಿ ನನ್ನ ಜೊತೆಯವಳು ಶಹ್ಲೊ ಅಂತ ಇದ್ದಾಳೆ. ಅವಳು ಅಲ್ಲಿಯವರನ್ನ ಇದೇ ಪ್ರಶ್ನೆ ಕೇಳ್ತಾ ಇದ್ದಾಳೆ. ಇಲ್ಲಿಂದ ಒಂದು ಫೋಟೊ, ಅಲ್ಲಿಂದ ಒಂದು, ಪಕ್ಕಪಕ್ಕ ಹಾಕ್ತೀವಿ."

"ಒಂದೇ ಪುಟದಲ್ಲಿ?"

"ಒಂದೇ ಪುಟದಲ್ಲಿ."

"ಅವರ ಜೊತೆ ಒಂದು ಪುಟದಲ್ಲಿ ನಾನು ಕೂರಲ್ಲ. ಏಳು, ಹೊರಡು."

ಅತ್ತೆ ಒಳಗಿನಿಂದ, "ಟೀ ಆದ್ರೂ ಕೊಟ್ಟು ಕಳಿಸೇ," ಅಂದರು. ರೋಜಾ ಅಲ್ವಾ ಅತ್ತೆ, ಎಂದೆ. "ಪ್ಯಾಂಟು ಹಾಕಿದ್ದಾಳೆ, ಅವಳಿಗೆಂಥ ರೋಜಾ," ಅಂದರು. ಹುಡುಗಿ ನಕ್ಕುಬಿಟ್ಟಳು. ರೋಜಾ ಇದ್ದಳಂತೆ.

ಅವಳಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತೇನೆ. ನಾನು ಕೈಗೆ ತೆಗೆದುಕೊಂಡದ್ದು ಕಲಸಿದ ಹಿಟ್ಟಿನ ಬೋಗುಣಿ. ಗುಂಡಿನ ಸದ್ದಿಗೆ ಬುದ್ಧಿ ಕೆಟ್ಟು ಹಿಟ್ಟು ಎತ್ತಿಕೊಂಡು ಓಡಿದೆ. ಹತ್ತು ಹೆಜ್ಜೆಯಾಚೆ ಜಿಪಾರಳ ಮದುವೆಗೆಂದು ಜೋಡಿಸಿಟ್ಟ ಹಾಸಿಗೆಗಳ ರಾಶಿ ಇತ್ತು. ರಾಶಿಯ ಮೇಲೆ ನಾನು ಹೊಲಿದ ಅಮ್ಮನ ಕೌದಿ ಇತ್ತು.

ಅಮ್ಮ ತೊಂಬತ್ತೊಂದು ವರ್ಷ ಬದುಕಿದಳು. ಸೂಲಗಿತ್ತಿ. ಅಷ್ಟು ಆಯುಸ್ಸಿನವರು ಹೋದಾಗ ಮನೆಯವರು ಹೊಸ ಬಟ್ಟೆಯ ಥಾನು ಬಿಚ್ಚಿ, ಹರಿದು, ಬಂದ ಹೆಂಗಸರಿಗೆಲ್ಲ ಒಂದೊಂದು ತುಂಡು ಹಂಚುತ್ತಾರೆ. ಜಿರ್ತಿಶ್. ಅವರ ಆಯುಸ್ಸು ನಮಗೂ ತಗಲಲಿ ಎಂದು ಅದನ್ನು ಕೌದಿಗೆ ಸೇರಿಸಿ ಹೊಲಿಯುವುದು. ಅಮ್ಮನಿಗೆ ಹರಿದದ್ದು ನೀಲಿ ಸಾಟಿನ್, ಮೇಲೆ ಬಿಳಿ ಹತ್ತಿಕಾಯಿಯ ಚಿತ್ರ. ಮುಚ್ಚಿಹೋದ ಯಾವುದೋ ಕಾರ್ಖಾನೆಯಿಂದ ಅಣ್ಣ ಒಂದೇ ಒಂದು ಥಾನು ತಂದಿದ್ದ. ಈ ಸೀಮೆಯಲ್ಲೆಲ್ಲೂ ಅಂಥದ್ದು ಮತ್ತೆ ನೋಡಿಲ್ಲ. ಜಿಪಾರ್ ಅದನ್ನು ಹೊದ್ದು ಗಂಡನ ಮನೆಗೆ ಹೋಗಬೇಕಿತ್ತು. ಬೂದಿಯಲ್ಲಿ ಹುಡುಕಿದೆ, ಒಂದು ಎಳೆಯೂ ಸಿಗಲಿಲ್ಲ. ಆದ್ದರಿಂದ ಅದು ಸುಟ್ಟಿಲ್ಲ, ಕದ್ದಿದ್ದಾರೆ ಎಂದು ನನ್ನ ಮನಸ್ಸು ಹೇಳುತ್ತದೆ.

ಏಪ್ರಿಲ್ 9

ಪತ್ರಿಕೆಯವಳು ಬೀದಿಯಲ್ಲೆಲ್ಲ ಸುತ್ತುತ್ತಿದ್ದಾಳೆ. ಪಕ್ಕದ ಮನೆಯ ಸೊನುನ್‌ಬು ತನ್ನ ಹೊಲಿಗೆ ಯಂತ್ರದ ಜೊತೆ ಕೂತು ಫೋಟೊ ತೆಗೆಸಿಕೊಂಡಳಂತೆ. ನಾಚಿಕೆ ಇಲ್ಲ.

ಏಪ್ರಿಲ್ 15

ಸಿಕ್ಕಿತು. ಅಕ್ಷರ ಸೊಟ್ಟಗಾದರೂ ಈಗಲೇ ಬರೆಯುತ್ತೇನೆ.

ಜಿಪಾರ್ ಫೋನ್ ಹಿಡಿದು ಬಂದಳು. "ಅಮ್ಮಾ, ಬೆಗಾಯಿಮ್ ಎಜೆಯ ಪತ್ರಿಕೆ ಬಂದಿದೆ. ಸೊನುನ್‌ಬು ಎಜೆ ಚೆನ್ನಾಗಿ ಬಂದಿದ್ದಾರೆ ನೋಡು." ಸೊನುನ್‌ಬುವಿನ ಪಕ್ಕ ಆಚೆ ಊರಿನ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದಾಳೆ. ಮಡಿಲ ಮೇಲೆ ಕೌದಿ. ಕೌದಿಯ ನಡುವೆ ನೀಲಿ ಸಾಟಿನ್, ಬಿಳಿ ಹತ್ತಿಕಾಯಿ.

ಕೆಳಗೆ ಬರೆದಿತ್ತು: ಸಾಬೊಹತ್, ಐವತ್ಮೂರು ವರ್ಷ. ಓಡುವಾಗ ಕೈಗೆ ತೆಗೆದುಕೊಂಡದ್ದು: ಈ ಕೌದಿ.

ಕೈಗೆ ತೆಗೆದುಕೊಂಡದ್ದು! ಎಲ್ಲಿಂದ ತೆಗೆದುಕೊಂಡೆಯೇ? ನನ್ನ ಮನೆಯಿಂದ! ಕದ್ದದ್ದೂ ಅಲ್ಲದೆ ಮಡಿಲಲ್ಲಿಟ್ಟುಕೊಂಡು ಫೋಟೊಕ್ಕೆ ಕೂತಿದ್ದಾಳೆ, ಮಗುವನ್ನು ಕೂರಿಸಿಕೊಂಡ ಹಾಗೆ.

ಬೆಗಾಯಿಮಳಿಗೆ ಫೋನ್ ಮಾಡಿಸಿದೆ. "ಅವಳು ಕಳ್ಳಿ ಅಂತ ಹಾಕು ಪತ್ರಿಕೇಲಿ!"

"ಎಜೆ, ಅವಸರ ಮಾಡ್ಬೇಡಿ. ಶಹ್ಲೊನ ಕೇಳ್ತೀನಿ, ಎರಡು ದಿನ ಕೊಡಿ."

"ಏಳು ತಿಂಗಳು ಕೊಟ್ಟಿದ್ದೀನಿ, ಸಾಲದಾ?"

ಅವಳು ಹಾಕಲಾರಳು. ಆದ್ದರಿಂದ ನಾನೇ ಹಾಕಿದೆ. ಜಿಪಾರ್ ಬೇಡ ಬೇಡ ಎಂದಳು. "ನಿನ್ನ ಅಜ್ಜಿಯ ಕೌದಿ, ನಿನಗೆ ಬೇಡ್ವಾ?" ಎಂದು ಗದರಿದೆ. ಹೆಂಗಸಿನ ಮುಖದ ಸುತ್ತ ಕೆಂಪು ಗೆರೆ ಎಳೆಸಿ, "ಇವಳು ಕಳ್ಳಿ. ನನ್ನ ಸತ್ತ ತಾಯಿಯ ಜಿರ್ತಿಶ್ ಕದ್ದವಳು," ಎಂದು ಬರೆಸಿ, ಊರಿನ ಫೋನ್ ಗುಂಪಿಗೆ ಕಳಿಸಿದ್ದಾಯಿತು.

ಇಫ್ತಾರಿಗೆ ಖರ್ಜೂರ ಬಾಯಿಗಿಟ್ಟಾಗ, ಏಳು ತಿಂಗಳ ನಂತರ ಮೊದಲ ಸಲ ರುಚಿ ಗೊತ್ತಾಯಿತು.

ಏಪ್ರಿಲ್ 16

ಬೆಳಗಿನಿಂದ ಜನ. ಸುಟ್ಟುಹೋದ ಉಳಿದ ಹತ್ತು ಮನೆಯ ಹೆಂಗಸರೂ ಬಂದರು. ಇನ್ನೊಂದು ಫೋಟೊದಲ್ಲಿ ಟೀ ಕಾಯಿಸುವ ತನ್ನ ಸಮೋವರ್ ಕಂಡೆ ಎಂದಳು ಒಬ್ಬಳು. ಅದು ತನ್ನದು ಎಂದಳು ಇನ್ನೊಬ್ಬಳು. ಇಬ್ಬರೂ ಅಲ್ಲೇ ಜಗಳಕ್ಕೆ ನಿಂತರು. ನಮ್ಮವರು ಮಾತು ಕಡಿಮೆ, ಅವರೂ ಬೆನ್ನು ತಟ್ಟಿ, "ನಮ್ಮ ಮನೇಲಿ ಗಂಡಸು ನೀನೇ ಕಣೇ," ಎಂದರು. ನನ್ನ ಬರಹ ಮೂರು ಊರು ದಾಟಿದೆಯಂತೆ. ಕಾಲುವೆಯನ್ನೂ ದಾಟಿದೆಯಂತೆ. ದಾಟಲಿ. ಅದಕ್ಕೇ ಕಳಿಸಿದ್ದು.

ಏಪ್ರಿಲ್ 19

ಬೆಗಾಯಿಮ್ ಬಂದಳು. ಸಲಾಮು ಮಾತ್ರ ಹೇಳಿದಳು, ಎಜೆ ಎನ್ನಲಿಲ್ಲ. ಚೀಲದಿಂದ ಒಂದು ದೊಡ್ಡ ಫೋಟೊ ತೆಗೆದಳು, ಚಪಾತಿ ಒತ್ತುವ ಹಲಗೆಯಷ್ಟಿತ್ತು. ನನಗೆ ಕೊಡಲಿಲ್ಲ. ಅತ್ತೆಯ ಮೊಣಕಾಲ ಮೇಲೆ ಹರಡಿದಳು.

ಅತ್ತೆ ಎಂಬತ್ತೊಂದನೇ ವಯಸ್ಸಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡವರು. ನಮ್ಮೆಲ್ಲರಿಗಿಂತ ಚೆನ್ನಾಗಿ ಕಾಣುತ್ತದೆ. ಬೆರಳಿಟ್ಟು ನಿಧಾನ ನೋಡಿದರು.

"ಇದು ನಿನ್ನದಲ್ಲ."

"ನನ್ನದಲ್ದೆ ಯಾರದು ಅತ್ತೆ? ಬಟ್ಟೆ ನೋಡಿ!"

"ಬಟ್ಟೆ ಬಿಡು, ಹೊಲಿಗೆ ನೋಡು. ನಿನ್ನ ಹೊಲಿಗೆ ಯಾವ ಕಾಲದಲ್ಲಿ ಹೀಗೆ ನೆಟ್ಟಗಿತ್ತು? ನೀನು ಹೊಲಿದಿದ್ದು ತ್ರಿಕೋನ. ಇದು ಚೌಕದೊಳಗೆ ನಕ್ಷತ್ರ. ನಿನ್ನ ಕೈಯಲ್ಲಿ ನಕ್ಷತ್ರ ಎಲ್ಲಿ ಬರಬೇಕು!"

"ಹತ್ತಿಕಾಯಿ ಸಾಟಿನ್ ಒಂದೇ ಥಾನು ಇದ್ದಿದ್ದು. ಅಣ್ಣ ತಂದಿದ್ದು. ಅವಳಿಗೆ ಹೇಗೆ ಸಿಕ್ತು?"

ಅತ್ತೆ ನನ್ನ ಮುಖ ನೋಡಿದರು. ನಾನು ಮದುವೆಯಾಗಿ ಬಂದ ದಿನ ಉಪ್ಪಿಲ್ಲದ ಸಾರು ಬಡಿಸಿದಾಗ ನೋಡಿದ್ದರಲ್ಲ, ಹಾಗೆ.

"ನೀನೇ ಕೊಟ್ಟೆ. ನಿಮ್ಮಮ್ಮ ಸತ್ತಾಗ ಆಚೆ ಊರಿಂದ ಎರಡು ಲಾರಿ ಹೆಂಗಸರು ಬಂದಿದ್ರು. ಅವರ ಊರಲ್ಲಿ ನಿಮ್ಮಮ್ಮ ಎತ್ತದ ಕೂಸಿತ್ತಾ? ನಡುಮನೇಲಿ ನಿಂತು ಪರ ಪರ ಅಂತ ಹರಿದು ಹಂಚಿದ್ದು ನೀನು. ಥಾನು ಮುಗಿದು ಕೊನೇಲಿ ಕೂತವರಿಗೆ ಗೇಣಗಲ ಸಿಕ್ತು ಅಂತ ಜಗಳವಾಗಿ, ನಾನು ಸಮಾಧಾನ ಮಾಡಿದ್ದೆ."

ಲಾರಿಗಳು ನೆನಪಾದವು. ಅವುಗಳ ಮೇಲಿನಿಂದ ಅಳುತ್ತಾ ಇಳಿದ ಹೆಂಗಸರು ನೆನಪಾದರು. ಅವರು ನನ್ನನ್ನು ಅಪ್ಪಿಕೊಂಡು ಅತ್ತರು. ಏಳು ತಿಂಗಳಿಂದ ಒಂದು ಸಲವೂ ಇದು ನನ್ನ ತಲೆಗೆ ಬರಲಿಲ್ಲ.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಅತ್ತೆ?"

"ನನ್ನ ಯಾರು ಕೇಳಿದ್ರು? ಉಗುರಿನಷ್ಟು ಚಿತ್ರ ಇಟ್ಕೊಂಡು ತಾಯಿ ಮಗಳು ಕುಣಿದ್ರಿ."

ಬೆಗಾಯಿಮ್ ಆಗ ಬಾಯಿಬಿಟ್ಟಳು. "ಅವರ ಮೂರು ಮಕ್ಕಳನ್ನೂ ಎತ್ತಿದ್ದು ನಿಮ್ಮಮ್ಮ. ಬೇರೇನೂ ತಗೊಳ್ಳದೆ ಅದನ್ನ ಹೊತ್ತು ಓಡಿದ್ರಂತೆ. ಕೇಳಿ ನೋಡೋಣ, ಎರಡು ದಿನ ಕೊಡಿ ಅಂದಿದ್ದೆ ನಿಮಗೆ."

ಅವಳು ಹೋದ ಮೇಲೆ ಫೋಟೊ ನೋಡಿದೆ. ಹೆಂಗಸಿನ ಬೆನ್ನ ಹಿಂದಿನ ಗೋಡೆ ಕಪ್ಪಾಗಿದೆ. ಅದು ನೆರಳು ಅಂದುಕೊಂಡಿದ್ದೆ, ಮಸಿ. ಮೇಲೆ ಸೂರಿಲ್ಲ. ಅದನ್ನು ಯಾರು ಸುಟ್ಟರು ಎಂದು ಬೆಗಾಯಿಮ್ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಏಪ್ರಿಲ್ 20

ಹಾಗಾದರೆ ಅಮ್ಮನ ಕೌದಿ ಸುಟ್ಟೇ ಹೋಗಿದೆ.

ಏಪ್ರಿಲ್ 21, ಈದ್

ಬೆಳಿಗ್ಗೆ ಹಿಟ್ಟಿನ ಬೊರ್ಸೋಕ್ ಕರಿದೆ, ಸತ್ತವರ ಹೆಸರಲ್ಲಿ ಖುರಾನ್ ಓದಿಸಿದೆ. ಹಬ್ಬದ ದಿನ ಒಬ್ಬರನ್ನೊಬ್ಬರು ಮಾಫಿ ಕೇಳುವುದು ರೂಢಿ. ಎಲ್ಲರೂ ಕೇಳಿದರು, ನಾನೂ ಕೇಳಿದೆ, ಅತ್ತೆಯನ್ನು, ಸೊನುನ್‌ಬುವನ್ನು.

ಮಧ್ಯಾಹ್ನ ಓತಿನ್ ಅಕ್ಕನ ಹತ್ತಿರ ಹೋದೆ. ರೋಜಾ ಹಿಡಿದು ಸುಳ್ಳು ಅಪವಾದ ಹೊರಿಸಿದ್ದಕ್ಕೆ ಏನು ಮಾಡಬೇಕು, ಎಷ್ಟು ರೋಜಾ ತೀರಿಸಲಿ, ಎಷ್ಟು ಬಡವರಿಗೆ ಉಣ್ಣಿಸಲಿ ಎಂದು ಕೇಳಿದೆ.

"ಅಲ್ಲಾಹನಿಗೆ ಮಾಡಿದ ತಪ್ಪಾದ್ರೆ ಅಲ್ಲಾಹ್ ಮಾಫ್ ಮಾಡ್ತಾನೆ. ಮನುಷ್ಯರಿಗೆ ಮಾಡಿದ್ದನ್ನ ಆ ಮನುಷ್ಯರೇ ಮಾಡಬೇಕು. ಮಧ್ಯೆ ಅವನೂ ಬರಲ್ಲ."

"ಅವರು ನನ್ನ ಮನೆ ಸುಟ್ಟಿದ್ದಾರಲ್ಲ!"

"ಇವಳು ಸುಟ್ಟಳಾ?"

"ಅದೇ ಊರಿನವಳು."

"ಉಲ್ಕಾನ್, ಕಿಯಾಮತ್ತಿನ ತೀರ್ಪಿನ ದಿನ ಊರು ಊರನ್ನ ನಿಲ್ಲಿಸಿ ಕೇಳಲ್ಲ. ನಿನ್ನನ್ನ ನಿಲ್ಲಿಸಿ ಕೇಳ್ತಾರೆ, ಅವಳನ್ನ ನಿನ್ನ ಎದುರಿಗೆ ನಿಲ್ಲಿಸ್ತಾರೆ."

ಸಿಟ್ಟು ಬಂತು. ಚಪ್ಪಲಿ ಅದಲುಬದಲು ಹಾಕಿಕೊಂಡು ಮನೆಗೆ ಬಂದೆ.

ಏಪ್ರಿಲ್ 27

ಜಿಪಾರ್ ಗುಂಪಿನಿಂದ ಆ ಬರಹ ಅಳಿಸಿದಳು. ಏನು ಪ್ರಯೋಜನ? ನಮ್ಮ ಗುಂಪಿನಲ್ಲಿಲ್ಲ, ಬೇರೆ ಎಲ್ಲೆಲ್ಲೂ ಇದೆ.

ಬೆಗಾಯಿಮ್ ಫೋನ್ ಮಾಡಿ ಹೇಳಿದ್ದು: ಆಚೆ ಊರಿನಲ್ಲಿ ಹೊಸ ಮನೆ ಕೊಡುವವರು ಸಾಬೊಹತಳ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದ್ದಾರೆ. ಲೂಟಿ ಮಾಡಿದವಳಿಗೆ ಮನೆ ಯಾಕೆ ಎಂದು ನೆರೆಯವರೇ ಅರ್ಜಿ ಬರೆದರಂತೆ. ಅವಳ ಜಾಗಕ್ಕೆ ಕಾಯುತ್ತಿದ್ದವರೇ ಇರಬೇಕು. ನನ್ನ ಕೆಂಪು ಗೆರೆಯ ಫೋಟೊವನ್ನೇ ಸಾಕ್ಷಿಯಾಗಿ ಲಗತ್ತಿಸಿದರಂತೆ. ಅವಳು ಆ ಮಸಿ ಗೋಡೆಯ ನಡುವೆ, ಪ್ಲಾಸ್ಟಿಕ್ ಹಾಳೆಯ ಕೆಳಗೇ ಇದ್ದಾಳೆ.

"ನಾನು ಏನು ಮಾಡ್ಲಿ?"

"ನೀವು ಸುಳ್ಳು ಹೇಳಿದ್ದು ಅಂತ ಹೇಳಿ. ನಿಮ್ಮ ಮುಖದ ಜೊತೆ. ಎರಡೂ ಭಾಷೇಲಿ ಹಾಕ್ತೀನಿ. ಅವರ ಕಚೇರಿಗೆ ಶಹ್ಲೊ ತಗೊಂಡು ಹೋಗ್ತಾಳೆ."

"ಸುಳ್ಳಲ್ಲ, ತಪ್ಪು ತಿಳಿದಿದ್ದು."

"ಕಳ್ಳಿ ಅಂತ ಬರೆಯೋಕೆ ಮುಂಚೆ ಯಾರನ್ನಾದ್ರೂ ಕೇಳಿದ್ರಾ?"

ಫೋನ್ ಇಟ್ಟುಬಿಟ್ಟೆ. ಇಂಥವಳಿಗೆ ಸಂಬಳ ಬೇರೆ ಕೊಡುತ್ತಾರೆ.

ಮೇ 2

ಹೇಳಿದೆ.

ನಮ್ಮವರು ಬಾಗಿಲಿಗೆ ಅಡ್ಡ ನಿಂತಿದ್ದರು. "ಮಾಫಿ ಕೇಳ್ತೀಯಾ? ಅವರನ್ನ? ಅವರು ಯಾರಾದ್ರೂ ನಿನ್ನ ಕೇಳಿದ್ರಾ?"

"ಕೇಳಿಲ್ಲ. ಅದು ಅವರ ಕೊರಳಿಗೆ. ಇದು ನನ್ನ ಕೊರಳಿಗೆ. ಸರೀರಿ ಆಚೆ."

"ಬೀದೀಲಿ ತಲೆ ಎತ್ತಿ ಹೇಗೆ ಓಡಾಡ್ಲಿ ನಾನು?"

"ಮೊನ್ನೆ ನಾನೇ ಗಂಡಸು ಅಂದ್ರಿ. ಹಾಗಾದ್ರೆ ನನ್ನ ಬದಲು ಒಳಗೆ ಕೂತು ಹಿಟ್ಟು ಕಲಸಿ."

ಅತ್ತೆ ಕೊಟ್ಟಿಗೆಯ ಮೂಲೆಯಲ್ಲಿ ಕೆಮ್ಮಿದ ಹಾಗೆ ಮಾಡಿ ನಕ್ಕರು.

ಬೆಗಾಯಿಮ್ ಕ್ಯಾಮೆರಾ ಹಿಡಿದಳು. ನಾನು ಹೇಳಿದ್ದು ಇಷ್ಟೇ: "ನಾನು ಉಲ್ಕಾನ್. ಸಾಬೊಹತ್ ಕದ್ದಿಲ್ಲ. ಆ ಬಟ್ಟೆ ನಾನೇ ಕೈಯಾರೆ ಹರಿದು ಕೊಟ್ಟಿದ್ದು. ಗೊತ್ತಿದ್ದೂ ಮರೆತೆ. ನಾನು ಹೇಳಿದ್ದು ಸುಳ್ಳು." ಕೊನೆಗೆ ಇದನ್ನೂ ಸೇರಿಸಿದೆ: "ನಮ್ಮ ಮನೆ ಸುಟ್ಟವರನ್ನು ನಾನು ಮಾಫ್ ಮಾಡಿಲ್ಲ." ಅದನ್ನು ಕತ್ತರಿಸಬಾರದು ಎಂದು ಆಣೆ ಹಾಕಿಸಿಕೊಂಡೆ. ಕತ್ತರಿಸಲಿಲ್ಲ. ಮಾತಿಗೆ ನಿಲ್ಲುವವಳು, ಅಷ್ಟು ಒಪ್ಪುತ್ತೇನೆ.

ಮೇ 11

ಬೀದಿಯವರೆಲ್ಲ ರೊಟ್ಟಿ ಸುಡುವ ತಂದೂರಿನ ಹತ್ತಿರ ನನ್ನ ಸರದಿ ಬಂದಾಗ ಹೆಂಗಸರು ಕೆಂಡ ಕೆದಕಿ ಆರಿಸಿಬಿಟ್ಟರು. "ಆಚೆ ಊರಿನ ತಂದೂರಿಗೇ ಹೋಗು ಉಲ್ಕಾನ್, ನಿನ್ನ ಅಕ್ಕ ಕಾಯ್ತಿದ್ದಾಳೆ," ಎಂದಳು ಅವತ್ತು ಸಮೋವರಿಗೆ ಜಗಳವಾಡಿದವರಲ್ಲೊಬ್ಬಳು. ಸೊನುನ್‌ಬು ತಲೆ ತಗ್ಗಿಸಿ ನಿಂತಿದ್ದಳು. ಕಲಸಿದ ಹಿಟ್ಟು ವಾಪಸ್ ತಂದು ಬಾಣಲೆಯಲ್ಲಿ ಬೇಯಿಸಿದೆ. ಜಿಪಾರಳ ಮದುವೆ ಬೇಸಿಗೆ ಕಳೆದ ಮೇಲೆ ನೋಡೋಣ ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದ್ದಾರೆ. ಹುಡುಗಿ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಸತ್ಯ ಹೇಳಿದ್ದಕ್ಕೆ ಇದು. ಸುಳ್ಳು ಹೇಳಿದಾಗ ಬೀದಿಗೆ ಬೀದಿಯೇ ಬಂದು ನನ್ನ ಬಾಗಿಲಲ್ಲಿ ನಿಂತಿತ್ತು.

ಮೇ 19

ಸಾಬೊಹತಳ ಹೆಸರು ಮತ್ತೆ ಪಟ್ಟಿಗೆ ಸೇರಿತಂತೆ. ಶಹ್ಲೊ ನನ್ನ ಮಾತು, ನನ್ನ ಫೋಟೊ ಎರಡನ್ನೂ ಕಚೇರಿಯ ಮೇಜಿನ ಮೇಲಿಟ್ಟು ಮೂರು ದಿನ ಎದ್ದು ಬರಲಿಲ್ಲವಂತೆ. ಸರಿ, ಮುಗಿಯಿತು ಅಂದುಕೊಂಡೆ.

ಆಮೇಲೆ ಬೆಗಾಯಿಮ್ ಫೋನಿನಲ್ಲಿ ಸಾಬೊಹತ್ ಹೇಳಿ ಕಳಿಸಿದ ದನಿ ಕೇಳಿಸಿದಳು. ಮುರುಕು ಮುರುಕಾಗಿ ನಮ್ಮ ಭಾಷೆಯಲ್ಲೇ ಆಡುತ್ತಾಳೆ. ನೆನಪಿದ್ದಷ್ಟು ಬರೆಯುತ್ತೇನೆ.

"ಉಲ್ಕಾನ್, ಕೇಳಿಸ್ತಾ ಇದೆಯಾ? ಮನೆ ಪಟ್ಟಿಗೆ ಬಂತು, ಅದು ಬೇರೆ. ನಿನ್ನನ್ನ ನಾನು ಮಾಫ್ ಮಾಡಿಲ್ಲ. ಕಳ್ಳಿ ಅನ್ನಿಸಿಕೊಂಡು ನಾನು ನೀರಿಗೆ ಹೋದ್ರೆ ಹೆಂಗಸರು ಕೊಡ ಎತ್ಕೊಂಡು ಸರೀತಿದ್ರು. ನೀನು ಫೋನಿನೊಳಗೆ ಕೂತು ತಪ್ಪಾಯ್ತು ಅಂದ್ರೆ ಮುಗೀತಾ? ಗೇಟು ತೆಗೀಲಿ. ನನ್ನ ಅಂಗಳಕ್ಕೆ ಬಾ. ಆ ಹೆಂಗಸರ ಎದುರಿಗೆ ನಿಂತು ಹೇಳು. ಅಲ್ಲಿವರೆಗೂ ಅದು ನಿನ್ನ ಕೊರಳಲ್ಲೇ ನೇತಾಡ್ಲಿ."

ಕೊನೆಗೆ ಕೆಮ್ಮು. ಸುಮ್ಮನೆ ಕೆಮ್ಮಲ್ಲ, ಎದೆಯ ತಳದಿಂದ ಬರುವಂಥದ್ದು.

ಎಂಥ ಕಲ್ಲೆದೆಯವಳು! ನನ್ನ ತಂದೂರು ಹೋಯಿತು, ಮಗಳ ಮದುವೆ ನೇತಾಡುತ್ತಿದೆ, ಇವಳಿಗೆ ಅಂಗಳ ಬೇಕಂತೆ, ಪ್ರೇಕ್ಷಕರು ಬೇಕಂತೆ.

ಇನ್ನೊಂದು ಸಲ ಕೇಳಿಸು ಎಂದೆ. ಆ ಕೆಮ್ಮು ಸರಿಯಿಲ್ಲ.

ಮೇ 26

ರೊಟ್ಟಿ ಕೊಳ್ಳಲು ಬರುವ ಕಾವಲು ಸೈನಿಕನನ್ನು ಗೇಟು ಯಾವಾಗ ತೆಗೆಯುತ್ತಾರೆ ಎಂದು ಕೇಳಿದೆ. "ಯಾಕೆ ಅಮ್ಮಾ, ಅವರು ಮತ್ತೆ ಬರಲಿ ಅಂತನಾ?" ಎಂದ. ನಾನು ಹೋಗಬೇಕು ಎಂದೆ. ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ನನ್ನನ್ನು ನೋಡುತ್ತಾ ನಿಂತ. ಎರಡು ವರ್ಷವಾಗಬಹುದು, ಹತ್ತೂ ಆಗಬಹುದು ಎಂದ.

ಹತ್ತು ವರ್ಷ! ಅವಳಿಗೆ ಈಗಲೇ ಐವತ್ಮೂರು. ಪ್ಲಾಸ್ಟಿಕ್ಕಿನ ಕೆಳಗೆ ಚಳಿಗಾಲ ಕಳೆದಿದ್ದಾಳೆ. ಆ ಕೆಮ್ಮಿನಲ್ಲಿ ಹತ್ತು ವರ್ಷ ಎಲ್ಲಿ ಬಾಳುತ್ತಾಳೆ? ಮಾಫ್ ಮಾಡದೆ ಸತ್ತರೆ ನನ್ನ ಗತಿ?

ಜೂನ್ 7

ಸಾಬೊಹತಳದ್ದು ವಾರಕ್ಕೊಂದು ಫೋಟೊ ತೆಗೆದು ಕಳಿಸಲು ಶಹ್ಲೊಗೆ ಹೇಳು ಎಂದು ಬೆಗಾಯಿಮಳಿಗೆ ಹೇಳಿದ್ದೆ. "ಪತ್ರಿಕೆಗಾ?" ಎಂದಳು. ನನಗೆ, ಎಂದೆ.

ಇವತ್ತು ಬಂತು. ಜಿಪಾರ್ ದೊಡ್ಡದು ಮಾಡಿ ತೋರಿಸಿದಳು. ತುಟಿಯ ಬಣ್ಣ ಪರವಾಗಿಲ್ಲ. ಕಣ್ಣ ಕೆಳಗೆ ಕಪ್ಪಾಗಿದೆ. ನೆಲದಲ್ಲಿ ತೇವ ಕಾಣುತ್ತದೆ, ಅದರ ಮೇಲೆ ಬರಿಗಾಲಲ್ಲಿ ನಿಂತಿದ್ದಾಳೆ. ಬುದ್ಧಿ ಬೇಡವೇ? ಕುರಿಯ ಬಾಲದ ಕೊಬ್ಬನ್ನು ಬಿಸಿ ಹಾಲಿಗೆ ಹಾಕಿ ಬೆಳಿಗ್ಗೆ ಕುಡಿಯಬೇಕು, ಕಾಲಿಗೆ ಉಣ್ಣೆ ಹಾಕಬೇಕು ಎಂದು ಹೇಳಿ ಕಳಿಸಿದೆ.

ಸಂಜೆಯೇ ಉತ್ತರ ಬಂತು. "ಕೊಬ್ಬಿನ ವಿಷಯ ನನಗೆ ಗೊತ್ತಿಲ್ವಂತಾ? ನನ್ನ ಕುರಿಗಳನ್ನ ಯಾರ ಊರಿನವರು ಹೊಡ್ಕೊಂಡು ಹೋದ್ರು ಅಂತ ಅವಳನ್ನೇ ಕೇಳು."

ಅತ್ತೆ ಅದನ್ನು ಮೂರು ಸಲ ಓದಿಸಿ ಕೇಳಿದರು. ಬಾಯಲ್ಲಿ ಹಲ್ಲಿಲ್ಲ, ನಗುವುದಕ್ಕೆ ಮಾತ್ರ ಕಡಿಮೆಯಿಲ್ಲ.

ಜೂನ್ 14

ಫೋಟೊ ಬರಲಿಲ್ಲ. ಶಹ್ಲೊಗೆ ಬೇರೆ ಕೆಲಸವಂತೆ. ಏನು ಕೆಲಸ?

ಜೂನ್ 16

ಬಂತು. ಇದ್ದಾಳೆ. ಕಾಲಿಗೆ ಉಣ್ಣೆ ಹಾಕಿದ್ದಾಳೆ, ಮುಖ ಮಾತ್ರ ನನ್ನನ್ನು ಬೈಯುವ ಹಾಗೇ ಇದೆ.

ಜೂನ್ 21

ಏಪ್ರಿಕಾಟ್ ಹಣ್ಣಾಗಿದೆ. ಬೆಗಾಯಿಮ್ ಬಂದು ಒಂದು ಬುಟ್ಟಿ ತಿಂದಳು. ಹೊಸ ಮನೆಗೆ ಬಾಗಿಲು ಕೂರಿಸಿದ್ದಾರೆ. ಸೊನುನ್‌ಬು ನಿನ್ನೆ ತನ್ನ ತಂದೂರಿನ ಸರದಿಯಲ್ಲಿ ನನ್ನ ನಾಲ್ಕು ರೊಟ್ಟಿಗೆ ಜಾಗ ಮಾಡಿಕೊಟ್ಟಳು, ಯಾರಿಗೂ ಹೇಳಬೇಡ ಎಂದಳು.

ಸಾಬೊಹತ್ ಹೇಳಿ ಕಳಿಸಿದ್ದಾಳೆ: ವಾರ ವಾರ ನನ್ನ ಮುಖ ನೋಡ್ತಾಳಲ್ಲ, ನಾನು ಅವಳದ್ದು ನೋಡಬೇಡವಾ? ಮಾಫಿ ಕೇಳಬೇಕಾದವಳು ಇದ್ದಾಳೋ ಸತ್ತಳೋ ನನಗೂ ಗೊತ್ತಾಗಬೇಕು.

ನ್ಯಾಯದ ಮಾತು. ಮರದ ಕೆಳಗೆ ಕೂತೆ.

"ಮುಖ ಸ್ವಲ್ಪ ಸಡಿಲ ಮಾಡಿ ಎಜೆ."

"ಸಡಿಲ ಮಾಡಿದ್ರೆ ಗೆದ್ದೆ ಅಂದ್ಕೋತಾಳೆ. ಹೀಗೇ ತೆಗೆ."

ತೆಗೆದಳು. ನೋಡಿದೆ. ವಯಸ್ಸಾಗಿದೆ ನನಗೆ. ಇನ್ನೊಂದು ತೆಗೆ, ಬೆಳಕು ಸರಿಯಿಲ್ಲ ಎಂದೆ. ಬಿಳಿಯ ಒಳ್ಳೆಯ ಶಿರವಸ್ತ್ರ ಕಟ್ಟಿಕೊಂಡು ಬಂದು ಮತ್ತೆ ಕೂತೆ. ಕಾಯಿಲೆಯವಳ ಹಾಗೆ ಕಂಡರೆ ಅವಳು ಕಾಯುವುದನ್ನೇ ಬಿಟ್ಟಾಳು.

ಇಳಿಹೊತ್ತಿನ ಅಸರ್ ನಮಾಜಿನ ನಂತರ ಅವಳಿಗಾಗಿ ಕೈಯೆತ್ತಿದೆ. ಪ್ರೀತಿಗಲ್ಲ. ಅಲ್ಲಾಹ್, ಅವಳ ಎದೆ ಹಗುರ ಮಾಡು, ಮಳೆಗೆ ಮೊದಲು ಸೂರು ಕೊಡು, ಗೇಟು ತೆರೆದು ನಾನು ಅವಳ ಅಂಗಳದಲ್ಲಿ ನಿಂತು ಬೈಸಿಕೊಳ್ಳುವ ತನಕ ಅವಳ ಉಸಿರು ಕಾಯಿ ಎಂದೆ. ಅದಾದ ಮೇಲೆ ಅವಳು ಹೇಗಾದರೂ ಹೋಗಲಿ.

ಹೇಗಾದರೂ ಹೋಗಲಿ ಎಂದು ಬರೆದ ಕೊನೆಯ ಸಾಲು ಓದಿ ನೋಡಿ ಹೊಡೆದುಹಾಕಿದೆ. ಶಾಪದ ಹಾಗೆ ಕೇಳಿಸುತ್ತದೆ. ಅದಕ್ಕೆ ಬೇರೆ ಮಾಫಿ ಕೇಳಬೇಕಾಗುತ್ತದೆ, ಅವಳು ಅದನ್ನೂ ಕೊಡುವವಳಲ್ಲ.